ಮದ್ದು ಮತ್ತು ಕಾಡತೂಸು: ಬಿಜಾಪುರ ಸೀಮೆಯಲ್ಲಿ ಬಂದೂಕು ತುಂಬಿದ ಕೈಗಳ ಚರಿತ್ರೆ

ವಿಜಯಪುರದ ಕೋಟೆಯ ಪಡುವಣ ಭಾಗದಲ್ಲಿರುವ ಷರ್ಜಾ ಬುರುಜನ್ನು ಹತ್ತಿ ಮಲಿಕ್-ಎ-ಮೈದಾನ್ ತೋಪನ್ನು ನೋಡುವವರು ಸಾಮಾನ್ಯವಾಗಿ ಮೂರು ಸಂಗತಿಗಳನ್ನು ಕೇಳಿ ಹಿಂದಿರುಗುತ್ತಾರೆ. ತೂಕ ಸುಮಾರು 55 ಟನ್ನು. ಉದ್ದ 14 ಅಡಿಗೂ ಮಿಕ್ಕು. ಬಾಯಿಯ ಅಗಲ 2 ಅಡಿಗೂ ಹೆಚ್ಚು. ಆನೆಯನ್ನು ನುಂಗುತ್ತಿರುವ ಸಿಂಹಮುಖದ ಕೆತ್ತನೆಯನ್ನೂ, 1549ರಲ್ಲಿ ಅಹ್ಮದನಗರದಲ್ಲಿ ಅದನ್ನು ಎರಕ ಹೊಯ್ದ ಮುಹಮ್ಮದ್ ಬಿನ್ ಹಸನ್ ರೂಮಿಯ ಹೆಸರನ್ನೂ ಮಾರ್ಗದರ್ಶಕರು ಹೇಳುತ್ತಾರೆ. ಆ ಬಾಯಿಯೊಳಗೆ ಏನನ್ನು ತುಂಬುತ್ತಿದ್ದರು, ಯಾರು ತುಂಬುತ್ತಿದ್ದರು, ಯಾವ ಸಲಕರಣೆಗಳಿಂದ ತುಂಬುತ್ತಿದ್ದರು ಎಂಬ ನಾಲ್ಕನೆಯ ಪ್ರಶ್ನೆಯನ್ನು ಕೇಳುವವರು ವಿರಳ. ದಖನ್ನಿನ ಯುದ್ಧಚರಿತ್ರೆಯನ್ನು ಬರೆದವರಲ್ಲಿಯೂ ಹೆಚ್ಚಿನವರು ತೋಪನ್ನು ಕಂಡಷ್ಟು ತೋಪಿನ ಹೊಟ್ಟೆಯನ್ನು ಕಂಡಿಲ್ಲ. ಆದರೆ ಆಯುಧದ ಬಲವಿರುವುದು ಲೋಹದ ನಳಿಗೆಯಲ್ಲಿ ಮಾತ್ರವಲ್ಲ, ಅದನ್ನು ತುಂಬುವ ಕೈಯಲ್ಲಿಯೂ ಹೌದು. ಆ ಕೈ ಯಾರದು ಎಂಬುದರ ಮೇಲೆ ಆಯುಧ ಯಾರದು ಎಂಬುದೂ ನಿರ್ಧಾರವಾಗುತ್ತದೆ. ಬಿಜಾಪುರ ಸೀಮೆಯ ನಾಲ್ಕೈದು ಶತಮಾನಗಳ ಚರಿತ್ರೆ ಇದಕ್ಕೆ ಸಾಕ್ಷಿಯಾಗಿದೆ.

ಈ ಚರಿತ್ರೆಯನ್ನು ಮೊದಲು ಪದಗಳಲ್ಲಿಯೇ ಓದಬಹುದು. ತೋಪು, ತುಪಾಕಿ ಎಂಬ ಎರಡೂ ಪದಗಳ ಮೂಲ ತುರ್ಕಿ ಭಾಷೆಯಲ್ಲಿದೆ. ಬಂದೂಕು ಅರಬ್ಬಿ ಮೂಲದ್ದು. ಫಿರಂಗಿ ಎಂಬುದು ಅದನ್ನು ತಂದ ಪರಂಗಿಯವರ ಹೆಸರನ್ನೇ ಹೊತ್ತಿದೆ. ಮಲೆನಾಡು, ಕೊಡಗುಗಳ ‘ಕೋವಿ’ ಮಾತ್ರ ಕೊಳವೆ ಎಂಬ ಅರ್ಥದ ದೇಸಿ ಪದ. ಯಂತ್ರದ ಹೆಸರುಗಳು ಹೀಗೆ ಬಹುಮಟ್ಟಿಗೆ ಹೊರಗಿನಿಂದ ಬಂದಿದ್ದರೆ, ಯಂತ್ರದೊಳಗೆ ಹಾಕುವ ಸಾಮಗ್ರಿಯ ಹೆಸರುಗಳು ಮನೆಮಾತಿನವು: ಮದ್ದು, ಗುಂಡು, ಬತ್ತಿ, ಈಡು. ಮಲೆನಾಡಿನಲ್ಲಿ ಬಂದೂಕು ಹಿಡಿದ ಬೇಟೆಗಾರನಿಗೆ ‘ಈಡುಗಾರ’ನೆಂಬ ಹೆಸರು ಬಂದುದೇ ಈಡು ಎಂಬ ಪದದಿಂದ, ಅವನ ಹಿರಿಮೆ ಇದ್ದದ್ದು ಕೋವಿಯ ಒಡೆತನದಲ್ಲಲ್ಲ, ಈಡಿನ ಮೇಲಿನ ಹಿಡಿತದಲ್ಲಿ.

ಇವುಗಳಲ್ಲಿ ‘ಮದ್ದು’ ವಿಶೇಷ ಗಮನಕ್ಕೆ ಅರ್ಹವಾದುದು. ಕಿಟ್ಟೆಲರ 1894ರ ನಿಘಂಟಿನಲ್ಲಿ ಔಷಧ, ವಿಷ, ಸಿಡಿಪುಡಿ ಎಂಬ ಅರ್ಥಗಳು ಈ ಒಂದೇ ಪದದಡಿ ಸೇರಿವೆ. ತಮಿಳಿನ ಮರುಂದು, ತೆಲುಗಿನ ಮಂದು ಪದಗಳಲ್ಲಿಯೂ ಇದೇ ಅರ್ಥವಿಸ್ತಾರವಿದೆ. ಪಾರಸಿಯಲ್ಲಿ ಔಷಧವೆಂದು ಅರ್ಥವಿರುವ ‘ದಾರೂ’ ಮರಾಠಿಗೆ ಬಂದು ಸಿಡಿಪುಡಿಯೂ ಆಗಿ, ಹೆಂಡವೂ ಆಗಿದೆ. ಗಂಧಕ, ಪೆಟ್ಲುಪ್ಪು, ಇದ್ದಿಲುಗಳನ್ನು ಅರೆದು, ಅಳೆದು, ಕೂಡಿಸುವ ಕೆಲಸವು ನೋಡುವವರ ಕಣ್ಣಿಗೆ ವೈದ್ಯನ ಖಲ್ವದ ಕೆಲಸದಂತೆಯೇ ಕಂಡಿರಬೇಕು. ಅಳತೆ ಹೆಚ್ಚಾದರೆ ಕೊಲ್ಲುವ ಗುಣವೂ ಎರಡಕ್ಕೂ ಸಮಾನ. ಈ ಪದ ಇಂದಿಗೂ ಜೀವಂತವಾಗಿದೆ. ಪ್ರತಿವರ್ಷ ಜನವರಿಯಲ್ಲಿ ವಿಜಯಪುರದ ಸಿದ್ಧೇಶ್ವರ ಸಂಕ್ರಮಣ ಜಾತ್ರೆ ನಡೆಯುವಾಗ ಬಾಣಬಿರುಸುಗಳ ರಾತ್ರಿಯನ್ನು ಜನ ‘ಮದ್ದು ಸುಡುವುದು’ ಎಂದೇ ಕರೆಯುತ್ತಾರೆ. ಪಟಾಕಿಯೆಂಬ ಪದವು ಅಂಗಡಿಯದು. ಮದ್ದು ಎಂಬುದು ಕೈಯಿಂದ ಮಾಡಿದ ಕಾಲದ ನೆನಪು.

ಬಿಜಾಪುರದ ಆದಿಲ್‌ಶಾಹಿಗಳ ಕಾಲಕ್ಕೆ ದಖನ್ನಿನಲ್ಲಿ ಮದ್ದಿನ ಆಯುಧಗಳು ನೆಲೆಯೂರಿದ್ದವು. 1520ರಲ್ಲಿ ರಾಯಚೂರಿಗಾಗಿ ಕೃಷ್ಣದೇವರಾಯನಿಗೂ ಇಸ್ಮಾಯಿಲ್ ಆದಿಲ್‌ಶಾಹನಿಗೂ ನಡೆದ ಯುದ್ಧವನ್ನು ವಿವರಿಸುವ ಪೋರ್ಚುಗೀಸ್ ಬರೆಹಗಾರ ನುನಿಜ್, ಬಿಜಾಪುರದ ಸೇನೆ ಬಿಟ್ಟುಹೋದ ದೊಡ್ಡ ತೋಪುಗಳ ಸಂಖ್ಯೆಯನ್ನು 400 ಎಂದು ಹೇಳುತ್ತಾನೆ. ಅಷ್ಟು ತೋಪುಗಳಿದ್ದೂ ಬಿಜಾಪುರ ಸೋತಿತು. ಬಳಿಕ ರಾಯಚೂರು ಕೋಟೆಯ ಮುತ್ತಿಗೆಯಲ್ಲಿ ನಿರ್ಣಾಯಕವಾದದ್ದು ಕ್ರಿಸ್ತೋವಾವ್ ದೆ ಫಿಗೈರೆದುವಿನ ಜೊತೆಗಿದ್ದ ಕೆಲವೇ ಮಂದಿ ಪೋರ್ಚುಗೀಸರ ಕೈಬಂದೂಕುಗಳು. ಗೋಡೆಯ ಮೇಲೆ ನಿಂತವರನ್ನು ಅವರು ಒಬ್ಬೊಬ್ಬರನ್ನಾಗಿ ಗುರಿಯಿಟ್ಟು ಹೊಡೆದರು. ಅವರ ಮರೆಯಲ್ಲಿ ವಿಜಯನಗರದವರು ಕೋಟೆಯ ಗೋಡೆಯ ಕಲ್ಲುಗಳನ್ನು ಕಿತ್ತರು. ನೂರಾರು ತೋಪುಗಳಿಗಿಂತ ಸರಿಯಾಗಿ ತುಂಬಿದ, ಬೇಗನೆ ಮರುತುಂಬಿದ ಕೆಲವು ಬಂದೂಕುಗಳು ಹೆಚ್ಚು ಬಲವುಳ್ಳವೆಂಬ ಪಾಠವನ್ನು ಈ ಘಟನೆ ದಖನ್ನಿಗೆ ಕಲಿಸಿತು.

ಬಂದೂಕಿನ ವಿದ್ಯೆ ಪೋರ್ಚುಗೀಸರೊಬ್ಬರ ಸೊತ್ತಾಗಿರಲಿಲ್ಲ. 1510ರಲ್ಲಿ ಗೋವೆಯನ್ನು ಬಿಜಾಪುರದಿಂದ ಕಸಿದುಕೊಂಡ ಅಲ್ಬುಕರ್ಕ್, ಅಲ್ಲಿನ ಕುಶಲಕರ್ಮಿಗಳು ಮಾಡುವ ಬಂದೂಕುಗಳು ಬೊಹೇಮಿಯದ ಬಂದೂಕುಗಳಿಗೆ ಸಮವೆಂದು ತನ್ನ ಅರಸನಿಗೆ ಬರೆದಿದ್ದನು. ಆ ಕಮ್ಮಾರರು ಆದಿಲ್‌ಶಾಹಿ ನೆಲದಲ್ಲಿಯೇ ಕೆಲಸ ಕಲಿತವರು. ವಿಜಯಪುರದ ಉಪ್ಪಲಿ ಬುರುಜಿನ ಮೇಲಿರುವ ಲಂಬಚರಿ ತೋಪನ್ನು ಹತ್ತಿರದಿಂದ ನೋಡಿದರೆ ಈ ಕಮ್ಮಾರಿಕೆಯ ಕ್ರಮ ಕಣ್ಣಿಗೆ ಕಾಣುತ್ತದೆ. 30 ಅಡಿಗೂ ಉದ್ದವಾದ ಆ ತೋಪು ಎರಕದ್ದಲ್ಲ. ಉದ್ದನೆಯ ಕಬ್ಬಿಣದ ಪಟ್ಟಿಗಳನ್ನು ಜೋಡಿಸಿ, ಅವುಗಳ ಮೇಲೆ ಕಾಯಿಸಿದ ಬಳೆಗಳನ್ನು ಒಂದರ ಪಕ್ಕ ಒಂದು ತೊಡಿಸಿ ಬಿಗಿದದ್ದು. ಬಂಡಿಯ ಗಾಲಿಗೆ ಹಳಿ ತೊಡಿಸುವ ಹಳ್ಳಿಯ ಕಮ್ಮಾರನ ವಿದ್ಯೆಯೇ ಇಲ್ಲಿ ಸಾಮ್ರಾಜ್ಯದ ಅಳತೆಗೆ ಬೆಳೆದಿದೆ. ಬುರುಜಿನ ತುದಿಯಲ್ಲಿರುವ ನೀರಿನ ತೊಟ್ಟಿಗಳು ತುಂಬುವವರ ಇರುವಿಕೆಯ ಗುರುತು. ಪ್ರತಿ ಹೊಡೆತದ ನಂತರ ಬಿಸಿಯಾದ ನಳಿಗೆಯನ್ನು ತಣಿಸದೆ, ಒಳಗಿನ ಕಿಡಿಯನ್ನು ಆರಿಸದೆ ಮರುತುಂಬುವುದು ಸಾವನ್ನು ಕರೆದಂತೆ.

ತುಂಬುವ ಕೈಯ ಜಾಣ್ಮೆಗೆ ಅತ್ಯಂತ ಕಠೋರವಾದ ಉದಾಹರಣೆ 1565ರ ಜನವರಿ 23ರ ಯುದ್ಧದಲ್ಲಿದೆ. ತಾಳಿಕೋಟೆಯ ಹೆಸರಿನಿಂದಲೂ ರಕ್ಕಸಗಿ-ತಂಗಡಗಿಯ ಹೆಸರಿನಿಂದಲೂ ಪ್ರಸಿದ್ಧವಾದ ಆ ಕಾಳಗದಲ್ಲಿ ಅಹ್ಮದನಗರದ ಫಿರಂಗಿದಳವು ಚಲಬಿ ರೂಮಿಖಾನನ ಕೈಯಲ್ಲಿತ್ತು. ವಿಜಯನಗರದ ಪಡೆ ತೀರ ಸಮೀಪಕ್ಕೆ ನುಗ್ಗಿ ಬಂದಾಗ ಅವನು ತೋಪುಗಳಿಗೆ ತಾಮ್ರದ ನಾಣ್ಯಗಳ ಚೀಲಗಳನ್ನು ತುಂಬಿಸಿ ಹೊಡೆಸಿದನೆಂದು, ಬಿಜಾಪುರದ ಇಬ್ರಾಹಿಂ ಆದಿಲ್‌ಶಾಹನ ಆಶ್ರಯದಲ್ಲಿ ಚರಿತ್ರೆ ಬರೆದ ಫೆರಿಷ್ತಾ ಹೇಳುತ್ತಾನೆ. ದೂರದ ಗೋಡೆಗೆ ಒಂದೇ ಗುಂಡು ಬೇಕು. ಹತ್ತಿರದ ಗುಂಪಿಗೆ ಚದುರುವ ಚೂರುಗಳು ಬೇಕು. ಹಕ್ಕಿಗಳ ಹಿಂಡಿಗೆ ಚರೆ ತುಂಬುವ ಬೇಟೆಗಾರನ ತರ್ಕವೂ ಇದೇ. ಸಂತೆಯಲ್ಲಿ ಓಡಾಡಬೇಕಾದ ನಾಣ್ಯ ಆ ದಿನ ಚರೆಯಾಯಿತು. ಒಂದು ಸಾಮ್ರಾಜ್ಯದ ಪತನಕ್ಕೆ ಕಾರಣಗಳು ಹಲವು. ಆದರೆ ಆ ಹೊತ್ತಿನಲ್ಲಿ ಕೈಗೆ ಸಿಕ್ಕಿದ್ದನ್ನು ಈಡಾಗಿ ಮಾಡಿಕೊಂಡ ಈ ನಿರ್ಧಾರವನ್ನು ಫೆರಿಷ್ತಾ ಮರೆಯದೆ ದಾಖಲಿಸಿದ್ದು ಅರ್ಥಪೂರ್ಣವಾಗಿದೆ.

ಮದ್ದಿನ ಮೂರು ಸಾಮಗ್ರಿಗಳಲ್ಲಿ ಗಂಧಕವು ವ್ಯಾಪಾರದಿಂದ ಬರುವಂಥದು. ಇದ್ದಿಲು ಎಲ್ಲೆಡೆ ಸಿಗುವಂಥದು. ಪೆಟ್ಲುಪ್ಪು ಮಾತ್ರ ನೆಲದಿಂದಲೇ ಬರಬೇಕು. ಟಿಕೋಟಾ, ಬಬಲೇಶ್ವರಗಳ ಸೀಮೆಯಲ್ಲಿ ಉಪ್ಪೆಂದೊಡನೆ ಡೋಣಿ ಹೊಳೆಯ ನೆನಪಾಗುವುದು ಸಹಜ. ಡೋಣಿ ಬೆಳೆದರೆ ಓಣಿಯೆಲ್ಲ ಕಾಳು ಎಂದು ಜನ ಕೊಂಡಾಡಿದ ಆ ಹೊಳೆಯ ನೀರು ಸವಳು. ದಂಡೆಯ ಎರೆಹೊಲಗಳಲ್ಲಿ ಸವಳು-ಜವಳಿನ ತೊಂದರೆ ಹಳೆಯದು. ಆದರೆ ಡೋಣಿಯ ಸವಳು ಬೇರೆ, ಪೆಟ್ಲುಪ್ಪಿನ ಮಣ್ಣು ಬೇರೆ. ಪೆಟ್ಲುಪ್ಪು ಹುಟ್ಟುವುದು ಮನುಷ್ಯರೂ ದನಕರುಗಳೂ ಬಹುಕಾಲ ವಾಸಿಸಿದ ನೆಲದಲ್ಲಿ: ಹಳೆಯ ಊರಿನ ದಿಬ್ಬದಲ್ಲಿ, ಕೊಟ್ಟಿಗೆಯ ನೆಲದಲ್ಲಿ, ಹಾಳುಬಿದ್ದ ಮಣ್ಣುಗೋಡೆಯ ಬುಡದಲ್ಲಿ. ಅಂಥ ಮಣ್ಣನ್ನು ಗುರುತಿಸಿ, ತೊಳೆದು, ಕಾಯಿಸಿ ಉಪ್ಪು ತೆಗೆಯುವ ವಿದ್ಯೆ ಉಪ್ಪಾರ ಸಮುದಾಯದ ಪರಂಪರೆಯಲ್ಲಿತ್ತು. ಅವರ ಕುಲನಾಮವೇ ಆ ಕಸುಬನ್ನು ಹೇಳುತ್ತದೆ. ಊರಿನ ಕೊಟ್ಟಿಗೆಯ ಮಣ್ಣು ಕೋಟೆಯ ಬುರುಜಿನ ಬಲವಾಗಿ ಮಾರ್ಪಡುತ್ತಿದ್ದ ಈ ದಾರಿಯಲ್ಲಿ ಉಪ್ಪಾರ, ಕಮ್ಮಾರ, ಬೇಡ, ತಳವಾರ ಹೀಗೆ ಹಲವು ಸಮುದಾಯಗಳ ಕೈಗಳಿದ್ದವು. ಆದಿಲ್‌ಶಾಹಿ ಶಾಸನಗಳಲ್ಲಿ ಸುಲ್ತಾನರ, ಸರದಾರರ, ಎರಕಗಾರರ ಹೆಸರುಗಳು ಉಳಿದಿವೆ. ಈ ಕೈಗಳ ಹೆಸರುಗಳು ಉಳಿದಿಲ್ಲ.

ಪೆಟ್ಲುಪ್ಪಿನ ಬೆಲೆಯನ್ನು ಯುರೋಪಿನ ಅರಸೊತ್ತಿಗೆಗಳು ಚೆನ್ನಾಗಿ ಅರಿತಿದ್ದವು. 1693ರ ಸನದಿನಲ್ಲಿ ಇಂಗ್ಲಿಷ್ ಈಸ್ಟ್ ಇಂಡಿಯಾ ಕಂಪನಿಯು ಪ್ರತಿವರ್ಷ 500 ಟನ್ ಪೆಟ್ಲುಪ್ಪನ್ನು ಅರಸೊತ್ತಿಗೆಗೆ ಒದಗಿಸಬೇಕೆಂಬ ಕರಾರು ಸೇರಿತು. ಅದರ ದೊಡ್ಡ ಭಾಗ ಬಿಹಾರದಿಂದ ಹೋಗುತ್ತಿತ್ತು. ಯಾರ ನೆಲದ ಮಣ್ಣು ಯಾರ ಬಂದೂಕಿನ ಮದ್ದಾಗಬೇಕು ಎಂಬ ಪ್ರಶ್ನೆ ಆಗಲೇ ರಾಜಕಾರಣದ ಪ್ರಶ್ನೆಯಾಗಿತ್ತು.

ಅರಮನೆಯ ಫಿರಂಗಿದಳದ ಹೊರಗೆ, ಹಳ್ಳಿಗಳಲ್ಲಿ, ಬಂದೂಕು ಸಣ್ಣ ಪ್ರಮಾಣದ ಮನೆಗೆಲಸವೂ ಆಗಿತ್ತು. ಬತ್ತಿಬಂದೂಕಿನ ಒಡೆಯನಿಗೆ ಬೇಕಾದ ಸಲಕರಣೆಗಳು ಕೆಲವೇ: ಮದ್ದು ತುಂಬಿದ ಕೊಂಬು, ಅಳತೆಯ ಚಿಪ್ಪು, ನಳಿಗೆಯೊಳಗೆ ಜಡಿಯುವ ಗಜ, ಸೀಸ ಕರಗಿಸುವ ಸೌಟು, ಎರಡು ಹೋಳಿನ ಗುಂಡಿನ ಅಚ್ಚು, ಕಿವಿ ಚೊಕ್ಕಟ ಮಾಡುವ ಸೂಜಿ. ಮದ್ದು ಸುರಿದು, ನಾರನ್ನೋ ಹಳೆಯ ಬಟ್ಟೆಯನ್ನೋ ಮೇಲಿಟ್ಟು, ಗಜದಿಂದ ಜಡಿದು, ಗುಂಡನ್ನೋ ಚರೆಯನ್ನೋ ಇಳಿಸಿ, ಅದು ಉರುಳಿ ಬೀಳದಂತೆ ಮತ್ತೊಂದು ಬಿರಡೆ ಹಾಕುವುದು ಕ್ರಮ. ಜಡಿತದ ಬಿಗಿಯನ್ನು ಗಜವು ಕೈಗೆ ತಿರುಗಿ ಕೊಡುವ ಪೆಟ್ಟಿನಿಂದ ತಿಳಿಯಬೇಕು. ಈ ಅರಿವು ಪುಸ್ತಕದಿಂದ ಬರುವಂಥದಲ್ಲ, ತಂದೆಯ ಕೈ ನೋಡಿ ಮಗ ಕಲಿಯುವಂಥದು. ತಪ್ಪಿದರೆ ನಳಿಗೆ ಸೀಳಿ ಬೆರಳು ಹೋಗುತ್ತಿತ್ತು, ಕಣ್ಣು ಹೋಗುತ್ತಿತ್ತು. ಈ ಅಪಾಯವನ್ನು ಮರೆತು ಆ ಕಾಲವನ್ನು ಕೊಂಡಾಡುವುದು ಸಲ್ಲದು. ಆದರೆ ಬಂದೂಕಿನ ಒಡೆಯನೇ ಅದರ ಈಡಿನ ಒಡೆಯನೂ ಆಗಿದ್ದನೆಂಬುದು ಚರಿತ್ರೆಯ ಸತ್ಯ. ಗುಂಡು ತೀರಿದರೆ ಅವನು ಯಾರ ಬಾಗಿಲಿಗೂ ಹೋಗಬೇಕಾಗಿರಲಿಲ್ಲ.

ಈ ಸ್ವಾಯತ್ತತೆಗೆ ಮೊದಲ ಪೆಟ್ಟು ಬಿದ್ದದ್ದು 1857ರಲ್ಲಿ. ಆ ವರ್ಷದ ಆರಂಭದ ಕಥೆ ಎಲ್ಲರಿಗೂ ಗೊತ್ತಿರುವಂಥದೇ. ಎನ್‌ಫೀಲ್ಡ್ ಬಂದೂಕಿಗೆ ಮದ್ದು-ಗುಂಡುಗಳನ್ನು ಕಾಗದದ ಸುರುಳಿಯಲ್ಲಿ ಮೊದಲೇ ಅಳೆದು ಕಟ್ಟಿದ ತೋಟಾ ಬಂದಿತು. ಸಿಪಾಯಿಯು ಅದನ್ನು ಹಲ್ಲಿನಿಂದ ಕಚ್ಚಿ ಹರಿಯಬೇಕಿತ್ತು. ಅದಕ್ಕೆ ಹಚ್ಚಿದ ಜಿಡ್ಡು ಯಾವ ಪ್ರಾಣಿಯದೆಂಬ ಸಂಶಯ ಡಂಡಂನಿಂದ ಮೀರತ್‌ವರೆಗೆ ಹಬ್ಬಿತು. ಹೆಚ್ಚು ಚರ್ಚೆಯಾಗದ ಒಂದು ಸಂಗತಿಯೆಂದರೆ, ಜನವರಿ ತಿಂಗಳಲ್ಲಿಯೇ ಸರಕಾರವು ಜಿಡ್ಡು ಹಚ್ಚದ ತೋಟಾಗಳನ್ನು ಕೊಡಲೂ ಸಿಪಾಯಿಗಳು ತಮಗೆ ಒಪ್ಪುವ ಜಿಡ್ಡನ್ನು ತಾವೇ ಹಚ್ಚಿಕೊಳ್ಳಲೂ ಒಪ್ಪಿತ್ತು. ಅಂದರೆ ಈಡಿನ ಒಂದು ಸಣ್ಣ ಭಾಗವನ್ನಾದರೂ ತುಂಬುವವನ ಕೈಗೇ ಮರಳಿಸಲು ಅದು ಸಿದ್ಧವಾಗಿತ್ತು. ಆ ಹೊತ್ತಿಗೆ ನಂಬಿಕೆ ಕಳೆದುಹೋಗಿತ್ತು. ತಾನು ಕಾಣದ ಕೈಯೊಂದು ಎಲ್ಲಿಯೋ ಕಟ್ಟಿ ಕಳುಹಿಸಿದ್ದನ್ನು ಬಾಯಿಗಿಡಬೇಕೆಂಬ ಆಜ್ಞೆ ಒಂದು ಕಡೆ. ತನ್ನ ಮದ್ದಿನಲ್ಲಿ ಏನಿದೆಯೆಂದು ತಾನೇ ಅರಿತಿದ್ದ ಹಳೆಯ ರೂಢಿ ಇನ್ನೊಂದು ಕಡೆ. ಧರ್ಮದ ಪ್ರಶ್ನೆಯ ಒಳಗೆ ಈ ಪ್ರಶ್ನೆಯೂ ಅಡಗಿತ್ತು.

ಬಿಜಾಪುರ ಸೀಮೆಗೆ 1857 ತಲುಪಿದ್ದು ಬೇರೆ ರೂಪದಲ್ಲಿ. ಆ ವರ್ಷದ ಸೆಪ್ಟೆಂಬರ್‌ನಲ್ಲಿ ಜಾರಿಗೆ ಬಂದ 28ನೆಯ ಕಾಯಿದೆಯನ್ನು ನಾವು ‘ನಿಶ್ಶಸ್ತ್ರೀಕರಣ ಕಾಯಿದೆ’ ಎಂದು ಸಂಕ್ಷೇಪಿಸಿ ಹೇಳುವುದು ವಾಡಿಕೆ. ಅದರ ಪೂರ್ಣ ಶೀರ್ಷಿಕೆಯಲ್ಲಿ ಆಯುಧಗಳ ಜೊತೆಗೆ ಮದ್ದುಗುಂಡಿನ ಆಮದು, ತಯಾರಿಕೆ, ಮಾರಾಟಗಳೂ ಸೇರಿವೆ. ಬಂದೂಕನ್ನಷ್ಟೇ ಕಿತ್ತುಕೊಂಡರೆ ಸಾಲದು, ಮದ್ದು ಮಾಡುವ ಕೈಯನ್ನೂ ಹಿಡಿಯಬೇಕೆಂಬುದು ಆಳುವವರಿಗೆ ಸ್ಪಷ್ಟವಾಗಿತ್ತು.

ಬಬಲೇಶ್ವರದಿಂದ ದಕ್ಷಿಣಕ್ಕೆ ಸಾಗಿ ಗಲಗಲಿಯ ಬಳಿ ಕೃಷ್ಣೆಯನ್ನು ದಾಟಿದರೆ ಮುಧೋಳದ ಸೀಮೆ. 1997ರಲ್ಲಿ ಬಾಗಲಕೋಟೆ ಜಿಲ್ಲೆಯಾಗುವವರೆಗೆ ಅದು ಬಿಜಾಪುರ ಜಿಲ್ಲೆಯ ಭಾಗವಾಗಿತ್ತು. 1857ರಲ್ಲಿ ಘೋರ್ಪಡೆಯವರ ಸಂಸ್ಥಾನವಾಗಿತ್ತು. ಆ ಸಂಸ್ಥಾನದ ಹಲಗಲಿ ಎಂಬ ಸಣ್ಣ ಊರಿನ ಬೇಡರು ಆಯುಧಗಳನ್ನು ಒಪ್ಪಿಸಲು ನಿರಾಕರಿಸಿದರು. ಬೇಡನಿಗೆ ಆಯುಧ ಬೇಟೆಯ ಸಾಧನ, ಊರ ಕಾವಲಿನ ಹೊಣೆ, ಹಬ್ಬದಲ್ಲಿ ಪೂಜೆಗೊಳ್ಳುವ ವಸ್ತು. ಜಡಗ, ಬಾಲ ಮೊದಲಾದವರ ನಾಯಕತ್ವದಲ್ಲಿ ನೂರಾರು ಜನ ಒಟ್ಟುಗೂಡಿದರು. ನವೆಂಬರ್ ಕೊನೆಯಲ್ಲಿ ಕರ್ನಲ್ ಮಾಲ್ಕಮ್‌ನ ಪಡೆ ಊರನ್ನು ಮುತ್ತಿತು, ಮನೆಗಳಿಗೆ ಬೆಂಕಿಯಿಟ್ಟಿತು. ಸುಮಾರು ನೂರು ಜನ ಸತ್ತರು, ಬಹಳಷ್ಟು ಜನ ಸೆರೆಯಾದರು. ಡಿಸೆಂಬರ್ 11ರಂದು ಮುಧೋಳದಲ್ಲಿ 13 ಮಂದಿಯನ್ನೂ 14ರಂದು ಹಲಗಲಿಯಲ್ಲಿಯೇ 6 ಮಂದಿಯನ್ನೂ ಗಲ್ಲಿಗೇರಿಸಲಾಯಿತು.

ಹಲಗಲಿಯ ಬೇಡರನ್ನು ಕುರಿತ ಲಾವಣಿ ಕನ್ನಡ ಸಾಹಿತ್ಯದ ವಿದ್ಯಾರ್ಥಿಗಳಿಗೆ ಅಪರಿಚಿತವಲ್ಲ. ಕುರ್ತಕೋಟಿ ಕಲ್ಮೇಶನ ಹೆಸರಿನಲ್ಲಿರುವ ಅದು ಪಠ್ಯಪುಸ್ತಕಗಳಲ್ಲಿಯೂ ಸ್ಥಾನ ಪಡೆದಿದೆ. ಅದನ್ನು ವೀರರಸದ ರಚನೆಯೆಂದು ಓದಿಸುವುದು ರೂಢಿ. ಅದನ್ನು ಒಂದು ಕಾನೂನಿನ ಅನುಭವದ ದಾಖಲೆಯಾಗಿಯೂ ಓದಬೇಕಾಗಿದೆ. ಇಂಗ್ಲಿಷಿನಲ್ಲಿ ಬರೆದು ದೂರದಲ್ಲಿ ಮುದ್ರಿಸಿದ ಶಾಸನವೊಂದು ಓದುಬರೆಹವಿಲ್ಲದವರ ಮನೆಯ ಮೂಲೆಗೆ, ಗೂಟಕ್ಕೆ ತೂಗುಹಾಕಿದ ಆಯುಧದವರೆಗೆ, ಹೇಗೆ ತಲುಪಿತು ಎಂಬುದನ್ನು ಹೇಳುವ ಬೇರೆ ಕನ್ನಡ ಕೃತಿ ಆ ಕಾಲದಲ್ಲಿ ದೊರೆಯುವುದು ಕಷ್ಟ. ಸರಕಾರಿ ವರದಿಗಳಿಗೆ ಹಲಗಲಿ ಒಂದು ಗಲಭೆ. ಲಾವಣಿಕಾರನಿಗೆ ಅದು ಹೊತ್ತಿ ಉರಿದ ಊರು.

ಅದೇ ಕಾಯಿದೆ ಕನ್ನಡದ ಇನ್ನೊಂದು ನೆಲದಲ್ಲಿ ಬೇರೆಯಾಗಿ ವರ್ತಿಸಿತು. 1861ರಲ್ಲಿ ಮೈಸೂರು ಮತ್ತು ಕೊಡಗಿನ ಕಮಿಷನರನಾಗಿದ್ದ ಮಾರ್ಕ್ ಕಬ್ಬನ್, ಕೊಡವರಿಗೆ ಅವರ ನಿಷ್ಠೆಯನ್ನು ಮನ್ನಿಸಿ ಈ ಕಾಯಿದೆಯಿಂದ ವಿನಾಯಿತಿ ನೀಡಿದನು. ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಗೆ ಪೂಜೆ ಸಲ್ಲಿಸುವ ಆಚಾರ ಅಲ್ಲಿ ನಡೆದುಕೊಂಡು ಬಂದಿದೆ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ ಆ ವಿನಾಯಿತಿಯನ್ನು 2019ರಲ್ಲಿ ಕೇಂದ್ರ ಸರಕಾರವು 2029ರವರೆಗೆ ವಿಸ್ತರಿಸಿದೆ. ಕೊಡಗಿನಲ್ಲಿ ಆಯುಧವು ಸಂಸ್ಕೃತಿಯಾಗಿ ಉಳಿಯಿತು. ಹಲಗಲಿಯಲ್ಲಿ ಅದು ಅಪರಾಧವಾಯಿತು. ಎರಡೂ ಕಡೆ ಆಯುಧಪೂಜೆಯ ಭಾವ ಒಂದೇ. ವ್ಯತ್ಯಾಸವಿದ್ದದ್ದು ಆಳುವವರ ಲೆಕ್ಕದಲ್ಲಿ.

ಆಳುವವರ ಕಣ್ಣಿನಲ್ಲಿ ಹಳೆಯ ಆಯುಧಗಳಿಗೆ ಆ ಕಾಲದಲ್ಲಿ ಎಷ್ಟು ಬೆಲೆಯಿತ್ತು ಎಂಬುದಕ್ಕೆ ಮಲಿಕ್-ಎ-ಮೈದಾನ್ ತೋಪೇ ನಿದರ್ಶನ. ಸಾತಾರಾ ಸಂಸ್ಥಾನದೊಡನೆ ಬಿಜಾಪುರವೂ ಬ್ರಿಟಿಷರ ವಶವಾದ ಬಳಿಕ, 1854ರಲ್ಲಿ ಆ ತೋಪನ್ನು ಹರಾಜಿಗಿಡಲಾಯಿತು. ಬಂದ ಬೆಲೆ 150 ರೂಪಾಯಿ. ಆ ಮಾರಾಟ ರದ್ದಾದ್ದರಿಂದ ತೋಪು ಬುರುಜಿನ ಮೇಲೆಯೇ ಉಳಿಯಿತು. ತುಂಬುವವರಿಲ್ಲದ 55 ಟನ್ನಿನ ತೋಪು ಹಳೆಯ ಕಂಚಿನ ಬೆಲೆಗೂ ಬಾಳಲಿಲ್ಲ. ಮೂರೇ ವರ್ಷಗಳ ನಂತರ, ಹಲಗಲಿಯ ಬೇಡರ ಮನೆಯ ಸಣ್ಣ ಆಯುಧಗಳಿಗಾಗಿ ಸೇನೆಯೇ ಹೊರಡಬೇಕಾಯಿತು. ಯಾವುದು ಜೀವಂತ ಆಯುಧ, ಯಾವುದು ಬರಿಯ ಲೋಹ ಎಂಬುದನ್ನು ಸರಕಾರ ಸರಿಯಾಗಿಯೇ ಗುರುತಿಸಿತ್ತು.

ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಬಂದೂಕಿನ ರಚನೆಯೇ ಬದಲಾಯಿತು. ಬತ್ತಿಯ ಜಾಗದಲ್ಲಿ ಚಕಮಕಿ ಕಲ್ಲು, ಆಮೇಲೆ ತಾಮ್ರದ ಕೇಪು ಬಂದವು. 1836ರಲ್ಲಿ ಪ್ಯಾರಿಸಿನ ಲೆಫೋಷೋ ಹಿಂಬದಿಯಿಂದ ಬಿಚ್ಚಿ ತುಂಬುವ ಬಂದೂಕಿಗೆ ತೋಟಾವನ್ನು ರೂಪಿಸಿದನು. ಮುಂದಿನ ಮೂರು ದಶಕಗಳಲ್ಲಿ ಕೇಪು, ಮದ್ದು, ಬಿರಡೆ, ಚರೆಗಳೆಲ್ಲವನ್ನೂ ಒಂದೇ ಕೊಳವೆಯೊಳಗೆ ಅಡಕಮಾಡಿದ ಇಂದಿನ ಕಾಡತೂಸಿನ ರೂಪ ನೆಲೆಗೊಂಡಿತು. ಕಾಗದವೆಂಬ ಅರ್ಥದ ಮೂಲದಿಂದ ಹುಟ್ಟಿ, ಪೋರ್ಚುಗೀಸಿನಲ್ಲಿ ಕಾರ್ತೂಷು ಆಗಿ, ಮರಾಠಿಯ ಕಾಡತೂಸವಾಗಿ ಕನ್ನಡಕ್ಕೆ ಬಂದ ಪದ ಅದು. ಯಂತ್ರವೊಂದೇ ಹೊರಗಿನದಾಗಿದ್ದಾಗ ಒಳಗಿನದಕ್ಕೆ ನಾವು ಮದ್ದು, ಗುಂಡು ಎಂದೆವು. ಒಳಗಿನದೂ ಸಿದ್ಧವಸ್ತುವಾಗಿ ಹೊರಗಿನಿಂದ ಬಂದಾಗ ಅದರ ಹೆಸರೂ ಹೊರಗಿನಿಂದಲೇ ಬಂದಿತು.

ಆದರೆ ಕಾಡತೂಸು ಬಂದಕೂಡಲೇ ಕೈಗೆಲಸ ನಿಂತುಹೋಗಲಿಲ್ಲ. ಹಿತ್ತಾಳೆಯ ಕೊಳವೆಯನ್ನು ಒಮ್ಮೆ ಹೊಡೆದ ಮೇಲೆಯೂ ಮತ್ತೆ ತುಂಬಬಹುದಿತ್ತು. ಇಂಗ್ಲೆಂಡಿನಲ್ಲಿ ಷೆಫೀಲ್ಡಿನ ಕರ್ಮಶಾಲೆಗಳು ಇದಕ್ಕಾಗಿಯೇ ಸಣ್ಣ ಸಲಕರಣೆಗಳನ್ನು ಮಾಡಿ ಮಾರಿದವು. ಸುಟ್ಟ ಕೇಪನ್ನು ಕೀಳುವ ಉಳಿ, ಹೊಸದನ್ನು ಕೂರಿಸುವ ಒತ್ತುಗ, ಮದ್ದಿಗೂ ಚರೆಗೂ ಬೇರೆ ಬೇರೆ ಅಳತೆಯ ಬಟ್ಟಲು, ಬಿರಡೆ ಜಡಿಯುವ ಮರದ ಕಡ್ಡಿ, ಕಾಗದದ ಕೊಳವೆಯ ಬಾಯನ್ನು ಒಳಕ್ಕೆ ಮಡಿಸಲು ಮೇಜಿಗೆ ಬಿಗಿಯುವ ತಿರುಗಣೆ ಇಷ್ಟಿದ್ದರೆ ಸಾಕಾಗುತ್ತಿತ್ತು. ಭಾರತದ ಕಾಡುಗಳಲ್ಲಿ ತಿಂಗಳುಗಟ್ಟಲೆ ಬೀಡುಬಿಡುತ್ತಿದ್ದ ಅಧಿಕಾರಿಗಳು ಇಂಥ ಪೆಟ್ಟಿಗೆಗಳನ್ನು ಜೊತೆಗೊಯ್ದು ಡೇರೆಯ ದೀಪದ ಬೆಳಕಿನಲ್ಲಿ ಕಾಡತೂಸು ತುಂಬಿಕೊಳ್ಳುವುದು ಅಂದಿನ ಶಿಕಾರಿಯ ರೂಢಿಯ ಭಾಗವಾಗಿತ್ತು. ಬತ್ತಿಬಂದೂಕಿನ ಬೇಡನ ಕೊಂಬು, ಸೌಟು, ಅಚ್ಚು, ಗಜಗಳ ಸಾಲಿಗೂ ಈ ಪೆಟ್ಟಿಗೆಗೂ ಇರುವ ಸಂಬಂಧ ಹತ್ತಿರದ್ದು. ಕೆಲಸದ ತರ್ಕ ಒಂದೇ. ಆದರೆ 1878ರ ಆಯುಧ ಕಾಯಿದೆಯ ನಂತರ ಒಬ್ಬನ ಕೈಯಲ್ಲಿ ಅದು ಹವ್ಯಾಸವೆನಿಸಿತು, ಇನ್ನೊಬ್ಬನ ಕೈಯಲ್ಲಿ ಅಪರಾಧವೆನಿಸಿತು. ಪುಣೆಯ ಬಳಿಯ ಖಡಕಿಯಲ್ಲಿ 1869ರಲ್ಲಿ ಸರಕಾರಿ ಮದ್ದುಗುಂಡಿನ ಕಾರ್ಖಾನೆ ಆರಂಭವಾಗಿತ್ತು. ಈಡಿನ ನೆಲೆ ಮನೆಯಿಂದ ಕಾರ್ಖಾನೆಗೆ ಸಾಗಿತು.

ಮನೆಯ ಕಾಲದ ಒಂದು ಕುರುಹು ಮಾತ್ರ ಕಾರ್ಖಾನೆಯ ಕಾಡತೂಸಿನ ಮೇಲೆ ಇಂದಿಗೂ ಉಳಿದಿದೆ. ‘ಹನ್ನೆರಡು ಬೋರು’ ಎಂಬ ಅಳತೆಯ ಅರ್ಥ ಇಷ್ಟೇ: ಒಂದು ಪೌಂಡು ಸೀಸವನ್ನು ಕರಗಿಸಿ 12 ಸಮನಾದ ಗುಂಡುಗಳನ್ನು ಎರೆದರೆ, ಅವುಗಳಲ್ಲೊಂದು ಆ ನಳಿಗೆಯ ಬಾಯಿಗೆ ಹೊಂದುತ್ತದೆ. ಹದಿನಾರು ಬೋರಿಗೆ 16 ಗುಂಡು. ಆದ್ದರಿಂದಲೇ ಸಂಖ್ಯೆ ಹೆಚ್ಚಿದಂತೆ ನಳಿಗೆ ಕಿರಿದಾಗುತ್ತದೆ. ಒಲೆಯ ಮುಂದೆ ಕುಳಿತು ಸೀಸ ಕರಗಿಸಿದವನ ಲೆಕ್ಕವಿದು. ಪರವಾನಗಿಯ ಪುಸ್ತಕದಲ್ಲಿ ‘12 ಬೋರ್’ ಎಂದು ಬರೆಯುವ ಗುಮಾಸ್ತನು ತಿಳಿಯದೆಯೇ ಆ ಒಲೆಯನ್ನು ಸ್ಮರಿಸುತ್ತಾನೆ.

ಸ್ವತಂತ್ರ ಭಾರತದ 1959ರ ಆಯುಧ ಕಾಯಿದೆಯೂ ಈ ಎರಡು ಲೋಕಗಳನ್ನು ಒಟ್ಟಿಗೆ ಇಟ್ಟುಕೊಂಡಿದೆ. ಅದರ 5ನೆಯ ಕಲಮಿನಂತೆ ಪರವಾನಗಿಯಿಲ್ಲದೆ ಮದ್ದುಗುಂಡು ತಯಾರಿಸುವಂತಿಲ್ಲ. 13ನೆಯ ಕಲಮು ಬೆಳೆರಕ್ಷಣೆಗಾಗಿ ಪರವಾನಗಿ ನೀಡಬಹುದಾದ ಬಂದೂಕುಗಳನ್ನು ಹೇಳುವಾಗ ಬಾಯಿಯಿಂದ ಮದ್ದು ತುಂಬುವ ಬಂದೂಕನ್ನು ಇಂದಿಗೂ ಹೆಸರಿಸುತ್ತದೆ. ಕಾಯಿದೆಯ ಪುಟದಲ್ಲಿ ಉಳಿದ ಆ ಬಂದೂಕು ಹೊಲದ ಬದುವಿನಿಂದ ಬಹುಮಟ್ಟಿಗೆ ಮರೆಯಾಗಿದೆ. ಈಚಿನ ವರ್ಷಗಳಲ್ಲಿ ತಾಲ್ಲೂಕು ಕೇಂದ್ರಗಳಾದ ಟಿಕೋಟಾ, ಬಬಲೇಶ್ವರಗಳ ಸುತ್ತ ಜೋಳದ ಎರೆಯ ಜೊತೆಗೆ ದ್ರಾಕ್ಷಿಯ ತೋಟಗಳು ಹಬ್ಬಿವೆ. ತೆನೆ ಕಾಯುವವನ ಕೈಯಲ್ಲಿ ಹಿಂದೆ ಅಟ್ಟದ ಮೇಲೆ ಕವಣೆಯಿತ್ತು. ಈಗ ತೋಟಗಳಿಗೆ ಬಲೆ ಹೊದಿಸುತ್ತಾರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬೇಟೆಯನ್ನೂ ನಿಲ್ಲಿಸಿತು. ಇದರಲ್ಲಿ ವಿಷಾದಪಡಬೇಕಾದುದೇನೂ ಇಲ್ಲ. ಕೃಷ್ಣಮೃಗಕ್ಕೂ ಕೊಕ್ಕರೆಗೂ ಅವುಗಳ ಜೀವ ದೊಡ್ಡದು. ಮನೆಯಲ್ಲಿ ಮದ್ದು ಕೂಡಿಸಿ ಸುಟ್ಟುಕೊಂಡವರ ನೋವೂ ಸುಳ್ಳಲ್ಲ. ಮರೆಯಲ್ಲಿ ಉಳಿದ ಆ ಕಸುಬು ಅಕ್ರಮ ನಾಡಪಿಸ್ತೂಲುಗಳ ರೂಪದಲ್ಲಿ ಪೊಲೀಸ್ ಸುದ್ದಿಯಾಗುವುದನ್ನು ಇದೇ ಜಿಲ್ಲೆಯ ಜನ ಬಲ್ಲರು.

ವಿಷಾದ ಇರುವುದು ಬೇರೊಂದು ಕಡೆ. ಆಯುಧ ಹೋದುದರ ಜೊತೆಗೆ ಅದರ ಸುತ್ತ ಬೆಳೆದಿದ್ದ ಅರಿವಿನ ದಾಖಲೆಯೂ ಹೋಗುತ್ತಿದೆ. ಗೋಳಗುಮ್ಮಟದ ಮುಂದಿನ ನಗಾರಖಾನೆಯಲ್ಲಿರುವ ವಸ್ತುಸಂಗ್ರಹಾಲಯದಂಥ ಕಡೆಗಳಲ್ಲಿ ಸರದಾರರ ಕತ್ತಿ, ಬಂದೂಕುಗಳಿಗೆ ಸ್ಥಾನ ಸಿಗುತ್ತದೆ. ಮದ್ದಿನ ಕೊಂಬು, ಗುಂಡಿನ ಅಚ್ಚು, ಸೀಸದ ಸೌಟು, ಗಜಗಳು ಹಳೆಯ ಮನೆಗಳ ಅಟ್ಟದಲ್ಲಿ ಹೆಸರಿಲ್ಲದೆ ಬಿದ್ದಿರುತ್ತವೆ. ಗುಜರಿಯವನಿಗೆ ತೂಕದ ಲೆಕ್ಕದಲ್ಲಿ ಹೋಗುತ್ತವೆ, 1854ರಲ್ಲಿ ಮಲಿಕ್-ಎ-ಮೈದಾನ್ ಹೋಗಬೇಕಿದ್ದಂತೆ. ಮಲೆನಾಡಿನ ಈಡಿನ ಲೋಕಕ್ಕೆ ಪೂರ್ಣಚಂದ್ರ ತೇಜಸ್ವಿಯವರಂಥ ಲೇಖಕರು ಸಿಕ್ಕಿದರು. ಕೃಷ್ಣೆ-ಡೋಣಿಗಳ ನಡುವಿನ ಬಯಲುಸೀಮೆಯ ಬೇಡ, ಉಪ್ಪಾರ, ಕಮ್ಮಾರರ ಕೈಗಳಿಗೆ ಒಂದು ಲಾವಣಿಯ ಹೊರತು ಸಿಕ್ಕಿದ್ದು ಕಡಿಮೆ.

ಸಂಶೋಧನ ವಿದ್ಯಾರ್ಥಿಗಳಿಗೆ ಇಲ್ಲಿ ಮಾಡಬೇಕಾದ ಕೆಲಸ ಬೇಕಾದಷ್ಟಿದೆ. ಪೆಟ್ಲುಪ್ಪಿನ ಮಣ್ಣಿಗೆ ಊರೂರಿನಲ್ಲಿದ್ದ ಹೆಸರುಗಳು, ಜಾತ್ರೆಗೆ ಮದ್ದು ಕಟ್ಟುವ ಮನೆತನಗಳ ಪಾರಿಭಾಷಿಕ ಪದಗಳು, ಬಂದೂಕಿನ ಅಂಗಾಂಗಗಳಿಗೆ ಕಮ್ಮಾರಸಾಲೆಯಲ್ಲಿ ಬಳಕೆಯಾಗುವ ಮಾತುಗಳು ಯಾವ ವೃತ್ತಿಪದಕೋಶಕ್ಕೂ ಪೂರ್ಣವಾಗಿ ಸೇರಿಲ್ಲ. ಅವುಗಳನ್ನು ಬಲ್ಲ ಹಿರಿಯರು ಇನ್ನೂ ಕೆಲವರು ಇದ್ದಾರೆ. ಮುಂದಿನ ಸಂಕ್ರಮಣದ ಇರುಳು ಸಿದ್ಧೇಶ್ವರ ಜಾತ್ರೆಯಲ್ಲಿ ಮದ್ದು ಸುಡುವಾಗ ಆಕಾಶವನ್ನು ನೋಡುವವರು ಸಾವಿರಾರು ಮಂದಿ ಇರುತ್ತಾರೆ. ನೆಲದ ಮೇಲೆ ಬತ್ತಿಗೆ ಬೆಂಕಿ ತಾಗಿಸುವವನ ಬಳಿ ಹೋಗಿ, ಈ ಕೆಲಸಕ್ಕೆ ನಿಮ್ಮಲ್ಲಿ ಏನೆನ್ನುತ್ತಾರೆ ಎಂದು ಒಬ್ಬ ವಿದ್ಯಾರ್ಥಿ ಕೇಳಿದರೂ ಈ ಚರಿತ್ರೆಯ ಒಂದು ಪುಟ ಉಳಿಯುತ್ತದೆ.